ಮೊದಲ ರಿಂಗಿಗೇ ಫೋನ್ ಎತ್ತಿದ ಅಣೆಕಟ್ಟು

ಅಷ್ಟರಲ್ಲಿ ನಿನ್ನೆ ಫೋನ್ ಲೈನ್ ಕಟ್ಟಾಯಿತಲ್ಲ, ಮಾನ್ಯರೇ, ತಾನಾಗಿ ಕಟ್ಟಾಯಿತೋ ತಮ್ಮ ಕಚೇರಿಯವರೇ ಕಟ್ ಮಾಡಿದರೋ, ಅಲ್ಲಿಂದಲೇ ಮುಂದುವರಿಸುತ್ತೇನೆ. ನಾನು ಹೇಳುತ್ತಿದ್ದುದು ಇಷ್ಟೇ: ಅಣೆಕಟ್ಟಿನ ಗೇಟುಗಳನ್ನು ತೆರೆಯುವ ಕಂಪ್ಯೂಟರಿನ ಫೋನ್ ನಂಬರನ್ನೂ ಅದರ ಪಾಸ್‌ವರ್ಡನ್ನೂ ತಮ್ಮ ಇಲಾಖೆ ಲೋಕಕ್ಕೆಲ್ಲ ಕಾಣುವಂತೆ ಪ್ರಕಟಿಸಿದೆ. ಆ ಗೇಟುಗಳ ಕೆಳಗೆ, ಹೊಳೆಯ ದಂಡೆಯಲ್ಲಿ, ನಾವು ಕೆಲವರು ವಾಸವಾಗಿದ್ದೇವೆ.

ಈ ಪತ್ರ ಕನ್ನಡದಲ್ಲೇಕೆ ಎಂದು ತಾವು ಕೇಳಬಹುದು. ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಬರೆದು ನೋಡಿದೆ, ಉತ್ತರವಿಲ್ಲ. ಕನ್ನಡದಲ್ಲಿ ಬರೆದರೆ ಭಾಷಾಂತರಕ್ಕಾದರೂ ತಾವು ಒಂದು ಟೆಂಡರ್ ಕರೆದೀರಿ, ಆ ನೆಪದಲ್ಲಿ ಯಾರಾದರೂ ಓದಿಯಾರು ಎಂಬ ಆಸೆ.

ನಾನು ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯ ಖರೀದಿ ವಿಭಾಗದಲ್ಲಿ ಸವೆದು ನಿವೃತ್ತನಾದವನು. ಹೊಳೆ ಕಾಣುವ ಮನೆ ಬೇಕೆಂದು ನನ್ನ ಹೆಂಡತಿ ರಾಜಲಕ್ಷ್ಮಿ ಹಟ ಹಿಡಿದಿದ್ದರಿಂದ ಆಲುವಕ್ಕೆ ಬಂದೆವು. ಬಂದ ಮೇಲೆ ಅವಳು ಹೊಳೆಯನ್ನು ನೋಡಿದ್ದು ಕಡಿಮೆ, ಆಸ್ಪತ್ರೆಯ ಗೋಡೆ ನೋಡಿದ್ದೇ ಹೆಚ್ಚು. ಇರಲಿ, ಆ ವಿಷಯ ತಮ್ಮ ಇಲಾಖೆಗೆ ಸೇರಿದ್ದಲ್ಲ. ಅವಳು ಹೋದ ಮೇಲೆ ಬೆಳಗಿನ ಹೊತ್ತು ಕಳೆಯಲು ನಾನು ಹಿಡಿದದ್ದು ಸರ್ಕಾರಿ ಟೆಂಡರ್ ಪ್ರಕಟಣೆಗಳ ಓದು. ಬೇರೆಯವರು ಪದಬಂಧ ಬಿಡಿಸುತ್ತಾರೆ, ನಾನು ಇದನ್ನು. ಸರ್ಕಾರ ಏನನ್ನು ಕೊಳ್ಳುತ್ತದೆ ಎಂದು ಗೊತ್ತಾದರೆ ಯಾವುದಕ್ಕೆ ಹೆದರುತ್ತದೆ ಎಂದೂ ಗೊತ್ತಾಗುತ್ತದೆ.

‘ಗಣಕ ಸುರಕ್ಷತೆ’ಯ ಹೆಸರಿನಲ್ಲಿ ತಾವು ಏನೇನು ಕೊಂಡಿರಿ ನೋಡಿ. ಲೆಕ್ಕಪತ್ರ ವಿಭಾಗಕ್ಕೆ ವೈರಸ್ ಹಿಡಿಯುವ ತಂತ್ರಾಂಶ. ನೌಕರರ ಹಾಜರಿಗೆ ಬೆರಳಚ್ಚಿನ ಯಂತ್ರ. ವಿಚಾರ ಸಂಕಿರಣಕ್ಕೆ ಬಂದವರಿಗೆ ಚರ್ಮದ ಚೀಲ. ವಿದ್ಯುತ್ ಉಪಕೇಂದ್ರವೋ ಕುಡಿಯುವ ನೀರಿನ ಪಂಪುಮನೆಯೋ ಅಣೆಕಟ್ಟೋ, ಇಂಥ ಒಂದು ಪದ ‘ಸುರಕ್ಷತೆ’ ಎಂಬ ಪದದ ಆಸುಪಾಸಿನಲ್ಲಿ ಸುಳಿದೀತೇ ಎಂದು ನಾನು ಕಾಯುತ್ತಲೇ ಇದ್ದೆ. ವೈರಿಗಳು ಮೊದಲು ತಮ್ಮ ಚರ್ಮದ ಚೀಲಕ್ಕೇ ಕೈಹಾಕುತ್ತಾರೆಂದು ತಮಗೆ ಖಚಿತ ಮಾಹಿತಿ ಇದ್ದಿರಬೇಕು.

ಕಡೆಗೊಂದು ದಿನ ಬಂತು! ಮೇಲಿನ ಅಣೆಕಟ್ಟಿನ ಗೇಟು ನಿಯಂತ್ರಣ ವ್ಯವಸ್ಥೆಗೆ ಸುರಕ್ಷತಾ ಕವಚ ಒದಗಿಸಲು ಟೆಂಡರ್. ನನ್ನ ಸಂಭ್ರಮ ಹೇಳತೀರದು. ಮಹಡಿಯ ಬಾಡಿಗೆಯ ಹುಡುಗ ಇಸ್ಮಾಯಿಲ್, ಮಂಗಳೂರು ಕಡೆಯವನು, ಐಟಿ ಪಾರ್ಕಿನಲ್ಲಿ ಕೆಲಸ. ಅವನಿಗೆ ಲಾಡು ಕೊಟ್ಟು ಪೂರ್ತಿ ದಾಖಲೆಯನ್ನು ವೆಬ್‌ಸೈಟಿನಿಂದ ಪ್ರಿಂಟ್ ಮಾಡಿಸಿಕೊಂಡೆ. ಅವನು ಲಾಡು ಅಗಿಯುತ್ತ ಕಡೆಯ ಹಾಳೆಗಳನ್ನು ತಿರುಗಿಸಿದವನು ಅಗಿಯುವುದನ್ನೇ ನಿಲ್ಲಿಸಿದ.

“ಅಂಕಲ್, ಇದು ಬೀಗಕ್ಕೆ ಟೆಂಡರ್ ಅಲ್ಲ ಮಾರಾಯ್ರೆ. ಕಳ್ಳನಿಗೆ ಆಮಂತ್ರಣ ಪತ್ರಿಕೆ. ದಾರಿಯ ನಕ್ಷೆ ಸಮೇತ ಉಂಟು!”

‘ಹಾಲಿ ವ್ಯವಸ್ಥೆಯ ವಿವರ’ ಎಂಬ ಅನುಬಂಧದಲ್ಲಿ ಎಲ್ಲವೂ ಇತ್ತು: ಎಂಜಿನಿಯರು ದೂರದಿಂದ ಗೇಟು ತೆರೆಯಲು ಡಯಲ್ ಮಾಡುವ ನಂಬರು, ತಂತ್ರಾಂಶದ ಹೆಸರು, ಪಾಸ್‌ವರ್ಡು. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ‘ನಾಟ್ ಓನ್ಲಿ’ ಎಂದು ಶುರು ಮಾಡಿದ ಮೇಲೆ ‘ಬಟ್ ಆಲ್ಸೋ’ ಎಂದು ಮುಗಿಸಲೇಬೇಕು ಎನ್ನುತ್ತಿದ್ದರು. ಅದರ ಅರ್ಥ ನನಗೆ ಈಗ ಆಯಿತು. ತಮ್ಮ ಇಲಾಖೆ ನಾಟ್ ಓನ್ಲಿ ಬೀಗ ಹಾಕಲಿಲ್ಲ, ಬಟ್ ಆಲ್ಸೋ ಬೀಗವಿಲ್ಲವೆಂದು ಡಂಗುರ ಹೊಡೆಸಿತು.

ನಾನು ಆ ನಂಬರಿಗೆ ಡಯಲ್ ಮಾಡಿದೆ. ಅಪರಾಧವಾದರೆ ಹಿಡಿಸಿ. ತಮ್ಮ ಕಚೇರಿಯಲ್ಲಿ ಹತ್ತು ಸಲ ಮಾಡಿದರೆ ಒಮ್ಮೆ ಎತ್ತುತ್ತಾರೆ, ಅಣೆಕಟ್ಟು ಮೊದಲ ರಿಂಗಿಗೇ ಎತ್ತಿತು! ಕಿರ್ರೆಂದು ಕೂಗಿ, ಏನಪ್ಪಣೆ ಎಂಬಂತೆ ಕಾಯುತ್ತ ನಿಂತಿತು. ನಾನು ತಟ್ಟನೆ ಫೋನ್ ಇಟ್ಟೆ. ಇಷ್ಟು ವಿಧೇಯವಾದ ಸರ್ಕಾರಿ ಸೇವಕನನ್ನು ನನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ.

ಮಾರನೆಯ ದಿನ ರೈಲು ಹತ್ತಿ ತಿರುವನಂತಪುರಕ್ಕೇ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ, ಸುರಕ್ಷತೆಯ ಬಗ್ಗೆಯೇ ಅಂತೆ. ತಮ್ಮ ಸೆಕ್ಷನ್ನಿನ ನಟರಾಜ ಎಂಬವರು ಕೂರಿಸಿ ಚಾಯ ಕೊಡಿಸಿದರು. ಅವರು ಮಲಯಾಳದಲ್ಲಿ ಆಡಿದ್ದನ್ನು ಕನ್ನಡಕ್ಕೆ ತಂದಿದ್ದೇನೆ.

“ಸಾರೇ, ಟೆಂಡರ್ ಹಾಕುವವರಿಗೆಲ್ಲ ಸಮನಾದ ಮಾಹಿತಿ ಕೊಡಬೇಕಲ್ಲ? ಒಬ್ಬನಿಗೆ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲ ಅಂದ್ರೆ ಆಡಿಟ್‌ನವರು ನನ್ನ ಕುತ್ತಿಗೆಗೆ ಬರ್ತಾರೆ.”

“ಕಳ್ಳನಿಗೂ ಸಮನಾದ ಮಾಹಿತಿಯೇ?”

“ಕಳ್ಳ ಟೆಂಡರ್ ಫಾರಂ ತಗೊಂಡಿಲ್ಲವಲ್ಲ ಸಾರೇ.”

“ಹೋಗಲಿ, ಪಾಸ್‌ವರ್ಡನ್ನಾದರೂ ಬದಲಾಯಿಸಿ.”

“ಅಯ್ಯೋ! ಬದಲಾಯಿಸಿದ್ರೆ ಪ್ರಕಟವಾದ ವಿವರ ಸುಳ್ಳಾಗುತ್ತೆ. ತಿದ್ದುಪಡಿ ಪ್ರಕಟಣೆ ಕೊಡಬೇಕಾಗುತ್ತೆ.”

“ಕೊಡಿ.”

“ಅದರಲ್ಲಿ ಹೊಸ ಪಾಸ್‌ವರ್ಡ್ ಹಾಕಬೇಕಾಗುತ್ತೆ.”

ನಾನು ಚಾಯ ಮುಗಿಸಿ ಎದ್ದು ಬಂದೆ. ನಟರಾಜರನ್ನು ದೂರುತ್ತಿಲ್ಲ, ಮಾನ್ಯರೇ. ಅವರ ಕುರ್ಚಿಯಲ್ಲಿ ಕೂತಿದ್ದರೆ ಬಹುಶಃ ನಾನೂ ಅದನ್ನೇ ಹೇಳುತ್ತಿದ್ದೆ. ಹೆದರಿಕೆ ಹುಟ್ಟಿಸುವುದು ಅದೇ.

ತಮಗೆ ಇದು ಕಡತ. ನಮಗೆ ಏನೆಂದು ಹೇಳಲೇ? ನನ್ನ ಮನೆಯ ಕೆಳಗಡೆ, ಹೊಳೆಗೆ ತಾಗಿಕೊಂಡೇ ಫಾತಿಮಾ ಅವರ ಮನೆ. ಒಂಟಿ ಹೆಂಗಸು. ಅವರ ಅಡುಗೆಮನೆಯ ಹಿಂದಿನ ಮೆಟ್ಟಿಲು ನೇರ ನೀರಿಗಿಳಿಯುತ್ತದೆ. ದಿನವೂ ಬೇಲಿಯಾಚೆಯಿಂದ “ಊಣು ಕಳಿಞ್ಞೋ ಸಾರೇ?” ಎಂದು ಕೇಳುತ್ತಾರೆ; ನನಗೆ ಊಟವಾಯಿತೇ ಎಂದು ಈಗ ಕೇಳುವವರು ಅವರೊಬ್ಬರೇ. ಗೇಟು ತೆರೆಯುವ ಮೊದಲು ತಮ್ಮ ಜೀಪು ಬಂದು ಮೈಕಿನಲ್ಲಿ ಕೂಗುತ್ತದೆ, ಆಗ ಅವರು ಪಾತ್ರೆಪಗಡಿ ಹೊತ್ತು ನಮ್ಮ ಜಗಲಿಗೆ ಬರುತ್ತಾರೆ. ಎಲ್ಲೋ ಕೂತ ಯಾವನೋ ಕಿಡಿಗೇಡಿ ಫೋನಿನಲ್ಲೇ ಗೇಟು ತೆರೆದರೆ, ಅವನೇನು ಜೀಪು ಕಳಿಸುತ್ತಾನೆಯೇ?

ಫಾತಿಮಾ ಅವರಿಗೆ ವಿಷಯ ತಿಳಿಸಿದೆ. “ನನ್ನ ಮನೆಗೆ ಕಳ್ಳ ಯಾಕೆ ಬರ್ತಾನೆ ಸಾರೇ?” ಎಂದರು. ಮನೆಗಲ್ಲ, ಅಣೆಕಟ್ಟಿಗೆ ಎಂದೆ. “ಅಷ್ಟು ದೊಡ್ಡದನ್ನ ಎಲ್ಲಿಗೆ ಹೊತ್ಕೊಂಡು ಹೋಗ್ತಾನೆ?” ಎಂದು ನಕ್ಕುಬಿಟ್ಟರು. ಸರ್ಕಾರ ನೋಡಿಕೊಳ್ಳುತ್ತದೆ ಎಂದು ಅವರು ನಂಬಿದ್ದಾರೆ. ಆ ನಂಬಿಕೆಯನ್ನು ಕೆಡಿಸಲು ನನ್ನಿಂದಾಗಲಿಲ್ಲ. ತಾವಾದರೂ ಅದಕ್ಕೆ ಯೋಗ್ಯರಾಗಿ.

ಕವಚವನ್ನು ತಾವು ನಿಧಾನವಾಗಿಯೇ ಕೊಳ್ಳಿ. ಸಮಿತಿ ಕೂರಲಿ, ಚೀಲ ಹಂಚಲಿ. ನಾನು ಕೇಳುವುದಕ್ಕೆ ಟೆಂಡರ್ ಬೇಡ, ತಿದ್ದುಪಡಿಯೂ ಬೇಡ. ಅಣೆಕಟ್ಟಿನ ಆ ಕೋಣೆಗೆ ಒಬ್ಬರನ್ನು ಕಳಿಸಿ, ಕಂಪ್ಯೂಟರಿಗೆ ಹೋಗುವ ಟೆಲಿಫೋನ್ ತಂತಿಯನ್ನು ಗೋಡೆಯಿಂದ ಕೀಳಿಸಿ. ಗೇಟು ತೆರೆಯಬೇಕಾದಾಗ ಎಂಜಿನಿಯರು ಮೊದಲಿನಂತೆ ಮೆಟ್ಟಿಲು ಹತ್ತಿ ಹೋಗಿ ತೆರೆಯಲಿ. ವಿತ್ ಇಮ್ಮೀಡಿಯೇಟ್ ಎಫೆಕ್ಟ್, ಎಂದು ಬರೆದರೆ ತಮಗೆ ಬೇಗ ಅರ್ಥವಾದೀತೇ? ಇವತ್ತೇ, ಎಂದರ್ಥ.

ಇನ್ನೂ ಬರೆಯುವುದಿತ್ತು. ಆದರೆ ಅಕ್ಷರಗಳು ಒಂದರ ಮೇಲೊಂದು ಕೂರುತ್ತಿವೆ; ಬೆಳಕು ಹೋಗುತ್ತಿದೆ. ಕಿಟಕಿಯಿಂದ ನೋಡಿದರೆ ಫಾತಿಮಾ ಇನ್ನೂ ಕಡೆಯ ಮೆಟ್ಟಿಲಿನಲ್ಲಿ ನಿಂತು ಬಟ್ಟೆ ಹಿಂಡುತ್ತಿದ್ದಾರೆ, ಅಣೆಕಟ್ಟಿನ ದಿಕ್ಕಿಗೆ ಬೆನ್ನು ಹಾಕಿ. ಹೋಗಿ ಮೇಲಕ್ಕೆ ಕರೆಯಬೇಕು.

ಇಂತಿ,
ತಮ್ಮ ಜೀಪಿನ ಕೆಲಸವನ್ನು ಸಂಬಳವಿಲ್ಲದೆ ವಹಿಸಿಕೊಂಡಿರುವ,
ವೆಂಕಟರಮಣ
ಆಲುವ