ಮನೆಮಾತಿನ ಪ್ರಕಾರ ಬೆಂಚು

ಸೆಲ್ವರಾಜು,

ಭಾಷೆಯ ಗಲಾಟೆಯಲ್ಲಿ ನಾವಿಬ್ಬರೂ ಮುನಿಸಿಕೊಂಡು, ನೀನು ವಿಜಯನಗರವನ್ನೇ ಬಿಟ್ಟು ಹೋದಾಗ ನಾನು ವಿಳಾಸ ಕೇಳಲಿಲ್ಲ. ಆದರೂ ಬರೆಯುತ್ತಿದ್ದೇನೆ.

ನನ್ನ ಮೊಮ್ಮಗಳು ವಸುಧಾಳ ಶಾಲೆಯಲ್ಲಿ ಮಕ್ಕಳನ್ನು ಮನೆಮಾತಿನ ಪ್ರಕಾರ ಬೇರೆ ಬೇರೆ ಕೋಣೆಗೆ ಹಾಕಲು ಹೊರಟಿದ್ದರು. ಅವಳ ಗೆಳತಿ ಶಾಹೀನಾ ದೂರವಾಗುತ್ತಿದ್ದಳು. ಇವತ್ತು ಪೋಷಕರ ಸಭೆಯಲ್ಲಿ ನಾನು ಸಂವಿಧಾನವನ್ನೇ ಎಳೆದು ತಂದು ಕೂಗಾಡಿದೆ. ಹೆಡ್‌ಮಾಸ್ಟರು ಜಗ್ಗಲಿಲ್ಲ.

ಆಗ ಟೀಚರ್ ಇಂದ್ರಮ್ಮ, "ಸಾರ್, ಈ ಮಕ್ಳು ಜಗಳ ಆಡ್ಕೊಂಡೇ ಕನ್ನಡ ಕಲ್ತಿರೋದು. ಬೇರೆ ಕೂರ್ಸಿದ್ರೆ ಯಾರ ಹತ್ರ ಜಗಳ ಆಡ್ಬೇಕು?" ಎಂದರು. ಎಲ್ಲರೂ ನಕ್ಕರು. ಹೆಡ್‌ಮಾಸ್ಟರೂ ನಕ್ಕು ಆ ಯೋಚನೆ ಕೈಬಿಟ್ಟರು. ನನ್ನ ಎದೆ ಹಗುರಾಯಿತು.

ದಾರಿಯಲ್ಲಿ ವಸುಧಾ, "ತಾತ, ಸ್ಕೂಲಲ್ಲಿ ನಿಮ್ ಪಕ್ಕ ಯಾರು ಕೂತ್ಕೋತಿದ್ರು?" ಎಂದು ಕೇಳಿದಳು.

ಇಷ್ಟು ವರ್ಷಗಳ ಮೇಲೆ ನಿನ್ನ ಹೆಸರು ಹೇಳಿದೆ.