ನಾಲ್ಕನೇ ಪೆಟ್ಟು

ಅಕ್ಟೋಬರ್ 3, 2019. ಗುರುವಾರ, ಬೆಳಗ್ಗೆ

1979ರ ಫೆಬ್ರವರಿಯಲ್ಲಿ ನಮ್ಮ ಮೊದಲ ರೆಕಾರ್ಡಿನ ಹೊದಿಕೆಯಿಂದ ನನ್ನ ಹೆಸರು ತೆಗೆದರು. ಎರಡು ಹೆಸರಿತ್ತು, ಒಂದಾಯಿತು.

ಇವತ್ತು ಚಹಾಕ್ಕೆ ಹಾಲು ಹಾಕುತ್ತಾ ಪೇಪರ್ ತೆರೆದರೆ — 'ಜಿಂಕ್ ಚಾಪೆಲ್: ಶೆಫೀಲ್ಡಿನಿಂದ ಜಗತ್ತಿಗೆ ಹೋದ ಸದ್ದು.' ನಮ್ಮ ಬ್ಯಾಂಡಿನ ಬಗ್ಗೆ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನ, 19ಕ್ಕೆ ಉದ್ಘಾಟನೆ. ಹೊದಿಕೆಯಲ್ಲಿ ಹೆಸರು ಉಳಿದ ಡೆರಿಕ್ ಬ್ರ್ಯಾಮಲ್ ಮಾತಾಡುತ್ತಾನಂತೆ. ಫೋಟೋ ಬೇರೆ. ಈ ವಯಸ್ಸಿನಲ್ಲೂ ತಲೆತುಂಬಾ ಕೂದಲು. ಅದಕ್ಕೂ ಹೊಟ್ಟೆ ಉರಿಯಿತು.

ಅಕ್ಟೋಬರ್ 5

ನಿದ್ದೆಯಿಲ್ಲ. ನಡೆದದ್ದನ್ನು ನಡೆದಂತೆ ಬರೆದಿಡುತ್ತೇನೆ.

ಬ್ಯಾಂಡಿನಲ್ಲಿ ಇದ್ದವರೇ ಇಬ್ಬರು. ಸಿಂತಸೈಜರ್ ಡೆರಿಕ್‌ನದು. ಟೇಪ್ ರೆಕಾರ್ಡರ್ ನನ್ನದು. ನಾನು ಆಗ ಚಮಚ ಉಜ್ಜುವ ಕಾರ್ಖಾನೆಯಲ್ಲಿದ್ದೆ. ಉಜ್ಜುವ ಧೂಳು ತಾಗದಂತೆ ಮೈಗೆಲ್ಲ ಕಂದು ಕಾಗದ ಸುತ್ತಿಕೊಂಡು ಕೆಲಸ. ಆ ಧೂಳಿಗೆ ಎಲ್ಲರಿಗೂ ಕೆಮ್ಮು. ಊಟದ ಬಿಡುವಿನಲ್ಲಿ ಪಕ್ಕದ ಕುಲುಮೆಯ ಸುತ್ತಿಗೆಯಂತ್ರದ ಸದ್ದನ್ನು ಟೇಪಿನಲ್ಲಿ ಹಿಡಿದೆ. ನಾಲ್ಕು ಪೆಟ್ಟು. ಕೊನೆಗೆ ನನ್ನ ಕೆಮ್ಮೂ ಸೇರಿತು.

ಟೇಪಿನಿಂದ ಕೆಮ್ಮು ಕತ್ತರಿಸಿ, ಪೆಟ್ಟುಗಳನ್ನು ನಿಲ್ಲದೆ ಸುತ್ತುವ ಉಂಗುರದಂತೆ ಅಂಟಿಸಬೇಕಿತ್ತು. ಬ್ಲೇಡು ಇಟ್ಟದ್ದು ತಪ್ಪು ಜಾಗದಲ್ಲಿ. ನಾಲ್ಕನೇ ಪೆಟ್ಟು ಹೋಯಿತು, ಕೆಮ್ಮು ಉಳಿಯಿತು. ಮೂರು ಪೆಟ್ಟು, ಒಂದು ಕೆಮ್ಮು. ಮತ್ತೆ ಮೂರು ಪೆಟ್ಟು.

ಡೆರಿಕ್ ಕೂಗಾಡಿದ. "ಏನೇ ಇದು? ತಾಳ ಕುಂಟ್ತಾ ಇದೆಯಲ್ಲೇ!" ಮರುದಿನವೇ ಸ್ಟುಡಿಯೋ, ಬೇರೆ ಮಾಡಲು ಹೊತ್ತಿರಲಿಲ್ಲ. ಅದನ್ನೇ ಹಾಕಿದ. ಹೊದಿಕೆ ಅಚ್ಚಾಗುವಾಗ ಅಂದ: "ನೀನು ಮಾಡಿದ್ದು ತಪ್ಪು ಕಣೇ, ಸಂಗೀತ ಅಲ್ಲ. ತಪ್ಪಿಗೆಲ್ಲ ಹೆಸರು ಹಾಕ್ತಾರಾ?"

ಒಪ್ಪಿಕೊಂಡೆ. ತಪ್ಪು ನಿಜವೇ ಆಗಿತ್ತಲ್ಲ…

ಆ ಕುಂಟುವ ತಾಳ ಬರ್ಲಿನ್ನಿಗೆ ಹೋಯಿತು. ಡೆಟ್ರಾಯಿಟಿನ ಹುಡುಗರು ಅದಕ್ಕೆ ಕುಣಿದರು. ಟೋಕಿಯೋದ ಯಾರೋ ಅದರ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ವಿಮರ್ಶಕರು ನನ್ನ ಕೆಮ್ಮಿಗೆ 'ಯಂತ್ರದ ಉಸಿರು' ಎಂದು ಹೆಸರಿಟ್ಟರು. ಬಂದ ಲೇಖನಗಳೆಲ್ಲ ನನ್ನ ಹತ್ತಿರ ಇವೆ. ಒಂದನ್ನೂ ಬಿಟ್ಟಿಲ್ಲ.

ಅಕ್ಟೋಬರ್ 13, ಭಾನುವಾರ

ಅಕ್ಕ ಮಾವಿಸಳ ಮನೆಯಲ್ಲಿ ಊಟ. ವಿಷಯ ಎತ್ತಿದೆ.

"ಲೇ ಲಿನೆಟ್, ನಿಂದು ಬರೀ ಹೊಟ್ಟೆಕಿಚ್ಚು ಕಣೇ."

"ಹೌದಕ್ಕ. ಏನೀಗ?"

"ಅಲ್ಲ, ಕೆಮ್ಮಿದ್ದಕ್ಕೆಲ್ಲ ಫಲಕ ಹಾಕ್ಸೋದಾದ್ರೆ ನಮ್ಮಪ್ಪಂಗೆ ಬೀದಿಗೊಂದು ಪ್ರತಿಮೆ ನಿಲ್ಲಿಸ್ಬೇಕಿತ್ತು."

ನಗು ಬಂತು. ಸಿಟ್ಟೂ ಬಂತು. ಮನೆಗೆ ಬಂದು ಕೆಮ್ಮಿನ ಮಾತ್ರೆಯ ಹಳೆಯ ಡಬ್ಬಿ ತೆಗೆದೆ. ಅಂದು ಕತ್ತರಿಸಿದ ತುಂಡು ಅದರಲ್ಲೇ ಇದೆ — ಬೆರಳುದ್ದ ಟೇಪು. ಜಗತ್ತು ಕೇಳದ ನಾಲ್ಕನೇ ಪೆಟ್ಟು.

ಅಕ್ಟೋಬರ್ 19, ಮಧ್ಯಾಹ್ನ 3.40. ಸಭಾಂಗಣ

ಐದನೇ ಸಾಲು. ಡೈರಿ ತೊಡೆಯ ಮೇಲೆ, ಡಬ್ಬಿ ಕೋಟಿನ ಜೇಬಿನಲ್ಲಿ.

ಗಾಜಿನ ಪೆಟ್ಟಿಗೆಯಲ್ಲಿ ನನ್ನ ಟೇಪ್ ರೆಕಾರ್ಡರ್ ಇಟ್ಟಿದ್ದಾರೆ. ಚೀಟಿಯಲ್ಲಿ 'ಡಿ. ಬ್ರ್ಯಾಮಲ್ ಅವರ ಕೊಡುಗೆ.' ಒದ್ದುಬಿಡೋಣ ಅನ್ನಿಸಿತು.

ಡೆರಿಕ್ ಮಾತಾಡಿದ. "ಮೂರು ಪೆಟ್ಟು, ಆಮೇಲೆ ಆ ಉಸಿರು — ಅದು ಆಕಸ್ಮಿಕ ಅಲ್ಲ, ಗೆಳೆಯರೇ. ವಾರಗಟ್ಟಲೆ ಯೋಚನೆ ಮಾಡಿದ್ದೆ. ಕಬ್ಬಿಣಾನೂ ಉಸಿರಾಡುತ್ತೆ ಅಂತ ತೋರಿಸ್ಬೇಕಿತ್ತು ನಂಗೆ."

ಚಪ್ಪಾಳೆ. ತಪ್ಪಾಗಿದ್ದಾಗ ನನ್ನದು, ಹೆಸರು ಬಂದ ಮೇಲೆ ಅವನದು!

ಆಮೇಲೆ ಆ ಹಾಡು ಹಾಕಿದರು. ಮೂರು ಪೆಟ್ಟು, ಕೆಮ್ಮು. ಮೂರು ಪೆಟ್ಟು… ನನಗೂ ಕೆಮ್ಮು ಬಂತು. ತಡೆಯಲಾಗಲಿಲ್ಲ. ಇಪ್ಪತ್ತೆರಡರ ನನ್ನ ಕೆಮ್ಮೂ ಅರವತ್ತೆರಡರ ನನ್ನ ಕೆಮ್ಮೂ ಒಟ್ಟಿಗೆ.

ಪಕ್ಕದವನು ತಿರುಗಿದ. "ಏನ್ ಅಕ್ಕೋರೇ, ತಾಳಕ್ಕೆ ಸರಿಯಾಗಿ ಕೆಮ್ತೀರಲ್ಲ!"

"ನಲವತ್ತು ವರ್ಷದ ಅಭ್ಯಾಸ ಕಣಪ್ಪ."

ವೇದಿಕೆಯಲ್ಲಿ ಡೆರಿಕ್ ನೀರಿನ ಲೋಟ ಎತ್ತಿದವನು ಕುಡಿಯಲಿಲ್ಲ. ನನ್ನನ್ನೇ ನೋಡುತ್ತಿದ್ದಾನೆ. ಗುರುತು ಸಿಕ್ಕಿದೆ.

ಪ್ರಶ್ನೆಗಳಿಗೆ ಸಮಯ ಅಂದರು. ಕೈ ಎತ್ತಿದ್ದೇನೆ. ತಡವರಿಸಬಾರದು, ಬರೆದುಕೊಂಡೇ ಓದುತ್ತೇನೆ. ಮೈಕ್ ಮೂರನೇ ಸಾಲಿನಲ್ಲಿದೆ. ನಾಲ್ಕು. ಬಂತು —

ಡೆರಿಕ್, ಆ ಕೆಮ್ಮು ಯಾರದ್ದು? ಇಷ್ಟು ಜನರ ಮುಂದೆ, ಹೆಸರು ಹಿಡಿದು ಹೇಳು. ಅಂದು ಕತ್ತರಿಸಿದ ನಾಲ್ಕನೇ ಪೆಟ್ಟು ನನ್ನ ಜೇಬಿನಲ್ಲಿದೆ.