ಎರಡು ಸೀರೆಯ ಮನೆಗೆ ಬಂದ ಯಂತ್ರ

ಜುಲೈ 27, ಶನಿವಾರ

ಹುಕ್ಕೇರಿಯ ಇತಿಹಾಸ ಬರೆಯುವವರು ಗುರುತು ಹಾಕಿಕೊಳ್ಳಬೇಕು: ಇಂದು ಸಂಜೆ ಐದೂವರೆಗೆ, ಜಿಟಿಜಿಟಿ ಮಳೆಯಲ್ಲಿ, ಇಬ್ಬರು ಹಮಾಲರ ಹೆಗಲೇರಿ, ಬಟ್ಟೆ ಒಣಗಿಸುವ ಯಂತ್ರವು ಬಸದಿ ಓಣಿಯನ್ನು ಪ್ರವೇಶಿಸಿತು. ಹಗ್ಗದ ಯುಗ ಮುಗಿಯಿತು. ಹಗ್ಗಕ್ಕೆ ಇನ್ನೂ ತಿಳಿಸಿಲ್ಲ.

ಶನಿವಾರ, ಅರ್ಧ ದಿನ. ಘಟಪ್ರಭಾದ ಆಸ್ಪತ್ರೆಯಲ್ಲಿ ಬಿಲ್ ಕೌಂಟರ್ ಮುಚ್ಚಿ ಬೇಗ ಬಂದಿದ್ದೆ. ಹಾಗಾಗಿ ಮೆರವಣಿಗೆ ನೋಡಲು ಸಿಕ್ಕಿತು. ಇವರು, ಅಂದರೆ ಧನಪಾಲ ಅವರು, ಕಾಳುಕಡಿ ವ್ಯಾಪಾರಿ, ನನ್ನ ಗಂಡ, ಗೋಕಾಕದ ಅಂಗಡಿಯಲ್ಲಿ ಆಷಾಢದ ಆಫರ್ ನೋಡಿ ತಂದದ್ದು. ಒಳಗೆ ಬಟ್ಟೆ ಹಾಕಿದರೆ ಸಾಕಂತೆ. ಒದ್ದೆ ಎಷ್ಟು, ಒಣಗಿದ್ದು ಎಷ್ಟು, ಅದೇ ತಿಳಿದುಕೊಂಡು ತಾನಾಗಿ ನಿಲ್ಲುತ್ತದಂತೆ. ಇಷ್ಟು ತಿಳಿವಳಿಕೆ ಇರುವವರು ಈ ಮನೆಯಲ್ಲಿ ಇದುವರೆಗೆ ಯಾರೂ ಇರಲಿಲ್ಲ.

(ಇವರು ಈ ದಿನಚರಿ ಕದ್ದು ಓದುತ್ತಿದ್ದರೆ: ಬಚ್ಚಲ ಬಲ್ಬು ಹೋಗಿ ನಾಲ್ಕು ದಿನ ಆಯಿತು.)

ಜುಲೈ 28, ಭಾನುವಾರ

ಯಂತ್ರ ನನಗಾಗಿ ಬಂದದ್ದಲ್ಲ. ಅತ್ತೆಗಾಗಿ.

ಈ ಸಲ ಚಾತುರ್ಮಾಸ ನಮ್ಮೂರಲ್ಲಿ. ದಿಗಂಬರ ಮುನಿಗಳು ದೀಪಾವಳಿಯವರೆಗೆ ಬಸದಿಯಲ್ಲೇ ಇರುತ್ತಾರೆ. ದಿನಕ್ಕೆ ಒಂದೇ ಊಟ. ಬೆಳಿಗ್ಗೆ ಹತ್ತರ ಹೊತ್ತಿಗೆ ಓಣಿಯಲ್ಲಿ ಹೊರಡುತ್ತಾರೆ. ಮನೆಮನೆಯ ಬಾಗಿಲಲ್ಲಿ ಕಲಶ ಹಿಡಿದು ಜನ ಕರೆಯುತ್ತಾರೆ. ಅವರು ಮನಸ್ಸಿನಲ್ಲೇ ಹಾಕಿಕೊಂಡ ನೇಮ ಎಲ್ಲಿ ಕೂಡಿಬರುತ್ತದೋ ಆ ಮನೆಗೆ ಹೋಗುತ್ತಾರೆ. ಹೋದ ವರ್ಷ ಬಂದ ಮುನಿಗಳು ಎರಡು ಸಲ ಎದುರು ಮನೆಯ ಸುಮನ್ ಕಾಕುವಿನ ಬಾಗಿಲಲ್ಲಿ ನಿಂತರು. ನಮ್ಮಲ್ಲಿ ಒಮ್ಮೆಯೂ ಇಲ್ಲ. ಅತ್ತೆ ಸುಂದರಾಬಾಯಿಯವರಿಗೆ ಎಪ್ಪತ್ತಾರು. ಮೊಣಕಾಲು ಎರಡೂ ಹೋಗಿವೆ. ಮುಂದಿನ ವರ್ಷ ಕಲಶ ಹಿಡಿದು ನಿಲ್ಲುವುದು ಆಗದ ಮಾತು. ಈ ವರ್ಷವೇ ಆಗಬೇಕು.

ಆಹಾರ ಕೊಡುವವರು ಮಡಿ ಬಟ್ಟೆ ಉಟ್ಟಿರಬೇಕು. ಬೇರೆಯವರು ಮುಟ್ಟಿರಬಾರದು, ಬೇರೆ ಬಟ್ಟೆ ತಾಗಿರಬಾರದು. ಒದ್ದೆಯಂತೂ ನಡೆಯದು. ಒದ್ದೆಯಲ್ಲಿ ಜೀವ ಹುಟ್ಟುತ್ತವೆ. ಇತ್ತ ಮಳೆ ಹಗಲು ರಾತ್ರಿ. ಅತ್ತೆಯ ಹತ್ತಿರ ಇದಕ್ಕೆ ಎರಡೇ ಸೀರೆ. ಮೂರನೆಯದು ಇಟ್ಟುಕೊಳ್ಳುವುದಿಲ್ಲ ಎಂದು ಎಂದೋ ವ್ರತ ತೆಗೆದುಕೊಂಡಿದ್ದಾರೆ. ಮಗನಿಗೆ ಒಂದು ಧೋತರ, ಒಂದು ಶಲ್ಯ. ಚಾತುರ್ಮಾಸ ಶುರುವಾದಾಗಿನಿಂದ ಅವು ಒಣಗಿಲ್ಲ, ಅತ್ತೆ ಬಾಗಿಲಲ್ಲಿ ನಿಂತಿಲ್ಲ.

ನಾನು? ನಾನು ಆ ಚೌಕದೊಳಗೆ ಇಲ್ಲ. ಚೌಕ ಎಂದರೆ ಮುನಿಗಳಿಗೆ ಅಡುಗೆ ಮಾಡಿ ನೀಡುವ ಜಾಗ. ಅಲ್ಲಿ ಕಾಲಿಡುವವರು ಸೂರ್ಯ ಮುಳುಗಿದ ಮೇಲೆ ಉಣ್ಣಬಾರದು. ನನ್ನ ಬಸ್ಸು ಬರುವುದೇ ಸೂರ್ಯನನ್ನು ಮುಳುಗಿಸಿಕೊಂಡು. ಮದುವೆಯಾಗಿ ಇಪ್ಪತ್ತೆರಡು ವರ್ಷ, ಹೊಸ್ತಿಲ ಈಚೆ ನಿಂತು ಒಳಗಿನ ಶುದ್ಧಿಯನ್ನು ಮೆಚ್ಚಿಕೊಳ್ಳುತ್ತಿದ್ದೇನೆ. ಅದಕ್ಕೆ ಪ್ರವೇಶ ಶುಲ್ಕ ಇಲ್ಲ, ಅದು ಅವರ ದೊಡ್ಡತನ.

ಆಗಸ್ಟ್ 1, ಗುರುವಾರ

ಮನೆಯಲ್ಲಿ ಸಭೆ. ಯಂತ್ರವನ್ನು ಯಾರು ನಡೆಸಬೇಕು? ಇವರಿಗೆ ಬಟನ್ ಕಂಡರೆ ಭಯ. ಅತ್ತೆಗೆ ಕಣ್ಣು ಮಂಜು. ಕೊನೆಗೆ ತೀರ್ಪು ಬಂತು: ಬಟ್ಟೆ ಹಾಕುವುದು, ತೆಗೆಯುವುದು ಅತ್ತೆ, ಮಡಿಕೋಲಿನಿಂದ. ಬಟನ್ ಒತ್ತುವುದು ನಾನು. ಬೆರಳು ಬಟನ್‌ಗೆ ತಾಗಿದರೆ ಸೀರೆಗೆ ತಾಗಿದ ಹಾಗಲ್ಲವಂತೆ.

ಸುಮ್ಮನೆ ಅಲ್ಲ, ಬಡ್ತಿ ಇದು.

ಆಗಸ್ಟ್ 5, ಸೋಮವಾರ

ತಿಳಿವಳಿಕೆಯುಳ್ಳ ಯಂತ್ರ ಹನ್ನೆರಡು ನಿಮಿಷಕ್ಕೆ ನಿಂತು, ಒಣಗಿತು ಎಂದು ಹಾಡು ಹಾಡಿತು. ಬಾಗಿಲು ತೆಗೆದರೆ ಸೀರೆ ಧೋತರವನ್ನು ನುಂಗಿ ಉಂಡೆಯಾಗಿ ಕೂತಿದೆ. ಹೊರಗೆ ಬೆಚ್ಚಗೆ, ಒಣ. ಒಳಗೆ ತೊಯ್ದ ಹಾಗೇ. ಈ ಮನೆಗೆ ಬಂದು ಒಂದೇ ವಾರ, ಇಲ್ಲಿಯ ರೀತಿ ಎಷ್ಟು ಬೇಗ ಕಲಿತುಬಿಟ್ಟಿತು.

ಮತ್ತೆ ಒತ್ತಿದೆ. ಮತ್ತೆ ಹಾಡು. ಮತ್ತೆ ಉಂಡೆ. ಅತ್ತೆ ಪ್ರತಿ ಸಲ ಬಗ್ಗಿ, ಕೋಲಿನಿಂದ ಬಿಡಿಸಿ, ಗೋಡೆ ಹಿಡಿದು ಎದ್ದರು. ಐದನೆಯ ಸಲಕ್ಕೆ ಏಳಲಾಗಲಿಲ್ಲ. ಹಿಡಿದೆಬ್ಬಿಸಲು ಹೋದೆ. ಮಡಿಯಲ್ಲಿದ್ದರು. ಬೇಡ ಎಂದು ಕೈ ಮಾಡಿದರು. ಇವರು ಅಂಗಡಿಯಿಂದ ಬರುವವರೆಗೆ ಕೂತೇ ಇದ್ದರು. ನಾನೂ ಎದುರಿಗೆ ಕೂತೆ.

ಆಗಸ್ಟ್ 10, ಶನಿವಾರ

ಗೋಕಾಕದಿಂದ ಮೆಕ್ಯಾನಿಕ್ ಬಂದ. ಮುತ್ತಪ್ಪ, ಮೇಲವಂಕಿಯವನು. ಟಾರ್ಚ್ ಹಿಡಿದು ತಲೆಯನ್ನೇ ಡ್ರಮ್ಮಿನೊಳಗೆ ಹಾಕಿದ. ಯಂತ್ರದಲ್ಲಿ ಏನೂ ದೋಷ ಇಲ್ಲವಂತೆ.

"ಒಳಗ ಎರಡ ಸ್ಟೀಲ್ ಪಟ್ಟಿ ಅದಾವ ನೋಡ್ರಿ ವೈನೀ. ಒದ್ದಿ ಬಟ್ಟಿ ಎರಡಕ್ಕೂ ತಾಗಿದ್ರ ಸಣ್ಣ ಕರೆಂಟ್ ದಾಟತೈತಿ. ಒಣಗಿದ್ದು ತಾಗಿದ್ರ ದಾಟಂಗಿಲ್ಲ. ಅದರ ಮ್ಯಾಲ ಅದಕ ತಿಳೀತೈತಿ."

ಹಾಗಾದರೆ ಒದ್ದೆ ಇದ್ದಾಗಲೇ ಯಾಕೆ ನಿಲ್ಲುತ್ತದೆ ಎಂದು ಕೇಳಿದೆ.

"ಒಂದ ಸೀರಿ, ಒಂದ ಧೋತರ ಹಾಕಿದ್ರ ಪಟ್ಟಿಗೆ ತಾಗೂದ ಇಲ್ರಿ. ಏನೂ ತಾಗಲಿಲ್ಲಂದ್ರ ಎಲ್ಲಾ ಒಣಗೈತಿ ಅಂತ ತಿಳ್ಕೊಂತೈತಿ. ಅದಕ ಗರ್ದಿ ಬೇಕ್ರಿ. ಮನಿ ಮಂದಿದೆಲ್ಲಾ ಬಟ್ಟಿ ಕೂಡಿಸಿ ಹಾಕ್ರಿ, ಬರಾಬರ್ ಹೇಳತೈತಿ."

ಟೈಮ್ ಹಚ್ಚಿ ಬಿಡುವ ಬಟನ್? ಈ ಮಾಡೆಲ್ಲಿನಲ್ಲಿ ಇಲ್ಲ. ಅದಕ್ಕೇ ಆಫರ್.

ಅತ್ತೆ ಹೊಸ್ತಿಲ ಒಳಗಿನಿಂದ ಎಲ್ಲ ಕೇಳಿಸಿಕೊಂಡರು. ಕೂಡಿಸುವುದು ಆಗದು ಎಂದರು. ಇವರು ಹೊಸ ಟವೆಲ್ ತಂದು ಮಡಿ ಮಾಡೋಣ ಎಂದರು. ಅದೂ ಪರಿಗ್ರಹವೇ, ಕೂಡಿಟ್ಟ ಹಾಗೇ, ವ್ರತಕ್ಕೆ ಹೆಚ್ಚಾಯಿತು ಎಂದರು ಅತ್ತೆ. ಮೂಡಲಗಿಯಿಂದ ನಾದಿನಿ ಮಾಯಾ ಫೋನಿನಲ್ಲಿ, ಕೂದಲು ಒಣಗಿಸುವ ಡ್ರೈಯರ್ ಹಿಡಿದರಾಯಿತಲ್ಲ ಎಂದಳು. ಆರೂವರೆ ಮೀಟರ್ ಸೀರೆಗೆ. ಬಂದು ಹಿಡಿ ಎಂದೆ. ಫೋನ್ ಕಟ್ ಆಯಿತು. ರೇಂಜ್ ಇರಲಿಲ್ಲವೇನೋ.

ಆಗಸ್ಟ್ 12, ಸೋಮವಾರ. ರಾತ್ರಿ 8.10

ಮಾಡಿಬಿಟ್ಟೆ.

ಬಂದಾಗ ಏಳೂಕಾಲು. ಇವರು ಅಂಗಡಿಯಲ್ಲಿ. ಅತ್ತೆ ಬಸದಿಯಲ್ಲಿ, ಪ್ರವಚನ ಮುಗಿಯುವುದು ಎಂಟೂವರೆಗೆ. ಸೀರೆ, ಧೋತರ, ಶಲ್ಯ ಡ್ರಮ್ಮಿನಲ್ಲಿ ನನ್ನ ಬೆರಳಿಗಾಗಿ ಕಾಯುತ್ತಿದ್ದವು. ಬಕೆಟ್ಟಿನಲ್ಲಿ ನನ್ನ ಒಗೆದ ಬಟ್ಟೆ ಇದ್ದವು. ಎರಡು ಟವೆಲ್, ಎರಡು ಚೂಡಿದಾರ್, ಕೌಂಟರಿನ ಎಸಿಗೆ ಹಾಕಿಕೊಳ್ಳುವ ಕಂದು ಕಾಲುಚೀಲ. ಹಾಕಿದೆ. ಬಾಗಿಲು ಮುಚ್ಚಿ ಬಟನ್ ಒತ್ತಿದೆ.

ಗಾಜಿನೊಳಗೆ ನೋಡುತ್ತ ನಿಂತೆ. ಬಿಳಿ ಸೀರೆ, ನನ್ನ ಹಸಿರು ಚೂಡಿದಾರ್, ಮತ್ತೆ ಬಿಳಿ ಸೀರೆ. ಒಂದರ ಮೇಲೊಂದು ಬಿದ್ದು, ಹೊರಳಿ, ಕೈ ಹಿಡಿದ ಹಾಗೆ. ಇಪ್ಪತ್ತೆರಡು ವರ್ಷ ನಾನಂತೂ ಚೌಕದೊಳಗೆ ಹೋಗಲಿಲ್ಲ. ನನ್ನ ಬಟ್ಟೆಯಾದರೂ ಹೋಗಲಿ.

ನಲವತ್ತೆಂಟು ನಿಮಿಷ ಒಣಗಿಸಿ, ಆಮೇಲೆ ಹಾಡಿತು. ಈ ಸಲ ಖರೆ ಹಾಡು. ನನ್ನವನ್ನು ಕೋಲಿನಿಂದಲೇ ಬೇರ್ಪಡಿಸಿ ತೆಗೆದೆ. ಸೀರೆಗೆ ಕೈ ತಾಗಿಸಲಿಲ್ಲ. ನನಗೂ ಒಂದು ನೀತಿ ಇದೆ.

ಆಗಸ್ಟ್ 13, ಮಂಗಳವಾರ

ಅತ್ತೆ ಬಾಗಿಲಲ್ಲಿ ನಿಂತರಂತೆ. ಮಹಾರಾಜರು, ಅಂದರೆ ಮುನಿಗಳು, ಮುಂದೆ ಹೋದರಂತೆ. ಆದರೂ ಮುಖದಲ್ಲಿ ಏನೋ ಇತ್ತು. ಸೆರಗನ್ನು ಕೆನ್ನೆಗೆ ಒತ್ತಿ, ಯಂತ್ರದ ಕಡೆ ನೋಡಿ, "ಹೆಣ್ಣಮಗಳಂಗ ಮಾಡೇತ್ ನೋಡು" ಎಂದರು.

ಯಂತ್ರಕ್ಕೆ ಅಂದದ್ದು. ಪಕ್ಕದಲ್ಲಿ ನಾನೂ ನಿಂತಿದ್ದೆ.

ಸಂಜೆ ಮತ್ತೆ ಅದೇ ಮಾಡಿದೆ.

ಆಗಸ್ಟ್ 14, ಬುಧವಾರ

ಇವತ್ತೂ ಬರಲಿಲ್ಲ. ನಾಳೆ ರಜೆ. ನಾನೂ ನೋಡಬಹುದು. ಇವತ್ತು ಬಸ್ಸು ತಡ. ಅತ್ತೆ ಬರುವ ಹೊತ್ತಾಗಿತ್ತು, ಅವಸರದಲ್ಲಿ ನನ್ನವನ್ನು ತೆಗೆದೆ.

ಆಗಸ್ಟ್ 15, ಗುರುವಾರ

ಬೆಳಿಗ್ಗೆ ಹತ್ತೂ ಹತ್ತು. ಬರೆದುಬಿಡುತ್ತೇನೆ.

ನಾನು ಅಂಗಳದ ಮೂಲೆಯಲ್ಲಿ. ಬಾಗಿಲಲ್ಲಿ ಅತ್ತೆ, ಕೈಯಲ್ಲಿ ಕಲಶ. ಹಿಂದೆ ಇವರು. ಮಹಾರಾಜರು ಓಣಿಯ ತಿರುವಿನಲ್ಲಿ ಕಂಡರು. ಬಲಗೈ ಭುಜಕ್ಕೆ ಮಡಚಿ, ನೆಲ ನೋಡುತ್ತ, ಮೆಲ್ಲಗೆ. ಎರಡೂ ಕಡೆಯಿಂದ ಕರೆಯುವ ದನಿ. ಅತ್ತೆಯದು ಎಲ್ಲಕ್ಕಿಂತ ಸಣ್ಣದು. ಅವರು ನಮ್ಮ ಬಾಗಿಲಿಗೆ ಬಂದು ನಿಂತರು.

ನಿಂತರು.

ಅತ್ತೆ ನಮೋಸ್ತು ಹೇಳಿದರು. ನಿಲ್ಲಿರಿ ಎಂದರು. ಮನಶುದ್ಧಿ ಎಂದರು. ವಚನಶುದ್ಧಿ ಎಂದರು. ಒಂದು ಹೆಜ್ಜೆ ಮುಂದೆ ಇಟ್ಟರು. ನಿರಿಗೆಯೊಳಗಿನಿಂದ ನನ್ನ ಕಂದು ಕಾಲುಚೀಲ ರಂಗೋಲಿಯ ಮೇಲೆ ಬಿತ್ತು.

ನೈಲಾನ್. ಅತಿಯಾಗಿ ಒಣಗಿದರೆ ನೂಲಿಗೆ ಅಂಟಿಕೊಳ್ಳುತ್ತದೆ. ಈಗ ಗೊತ್ತಾಯಿತು.

ಇವರು ಕಾಲಿನಿಂದ ಬದಿಗೆ ಸರಿಸಿದರು. ಓಣಿಯಲ್ಲಿ ಯಾರೂ ನೋಡಿರಲಿಲ್ಲ. ಮಹಾರಾಜರ ಕಣ್ಣು ಎಲ್ಲಿತ್ತೋ ತಿಳಿಯದು. ಒಂದೇ ಮಾತು ಬಾಕಿ ಇತ್ತು. ಕಾಯಶುದ್ಧಿ. ಅದನ್ನು ಅಂದುಬಿಟ್ಟಿದ್ದರೆ ಒಳಗೆ ಬರುತ್ತಿದ್ದರು.

"ಅವ್ವಾ, ಅಂದಬಿಡು" ಎಂದು ಇವರು ಪಿಸುಗುಟ್ಟಿದರು.

ಅತ್ತೆ ಕಾಲುಚೀಲ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬಾಯಿ ಮುಚ್ಚಿಕೊಂಡರು.

ಮಹಾರಾಜರು ಸ್ವಲ್ಪ ಹೊತ್ತು ಕಾದರು. ಎದುರು ಮನೆಗೆ ತಿರುಗಿದರು. ಸುಮನ್ ಕಾಕು ಮೂರೂ ಶುದ್ಧಿಗಳನ್ನು ಒಂದೇ ಉಸಿರಿನಲ್ಲಿ ಹೇಳಿದ್ದು ಇಡೀ ಓಣಿಗೆ ಕೇಳಿಸಿತು.

ಸಂಜೆ

ಅತ್ತೆ ಬೈಯಲಿಲ್ಲ. ಬೈದಿದ್ದರೆ ಉತ್ತರ ಸಿದ್ಧ ಇತ್ತು. ಇಪ್ಪತ್ತೆರಡು ವರ್ಷದಿಂದ ಹೊಳಪು ಕೊಟ್ಟು ಇಟ್ಟ ಉತ್ತರ. ಇಡೀ ದಿನ ಉಪವಾಸ ಇದ್ದರು. ದೀಪ ಹಚ್ಚುವ ಹೊತ್ತಿಗೆ ಕರೆದರು.

"ಎಂದಿಂದ?"

"ಸೋಮವಾರದಿಂದರಿ."

"ಹಂಗಾರ ನಿನ್ನಿ, ಮೊನ್ನಿ ನಾ ಬಾಗಲದಾಗ ಮಡಿ ಅಂತ ನಿಂತಿದ್ದು ಸುಳ್ಳ ಆತು."

ಒಣಗಿತ್ತರಿ ಅತ್ತೀ, ಪೂರಾ ಒಣಗಿತ್ತು, ಎಂದೆ. ಎಂಥ ಮಾತು. ಯಂತ್ರದ ಪರವಾಗಿ ವಕಾಲತ್ತು.

"ಬಟ್ಟಿ ಒಣಗಿತ್ತು, ಖರೆ" ಎಂದರು. ಬತ್ತಿ ಸರಿಮಾಡಿ, "ಒಂದ ಮಾತ ಕೇಳಬೇಕಿತ್ತಲ್ಲ ನನ್ನ" ಎಂದರು.

"ಕೇಳಿದ್ರ ಹ್ಞೂ ಅಂತಿದ್ದಿರೇನ್ರಿ?"

ನಿಜವಾಗಿ ಯೋಚನೆ ಮಾಡಿದರು. ಆಮೇಲೆ ತಲೆ ಅಲ್ಲಾಡಿಸಿದರು. "ಇಲ್ಲ."

ಅಷ್ಟೇ. ಇಬ್ಬರೂ ಖರೆ ಹೇಳಿದೆವು. ಈ ಮನೆಯಲ್ಲಿ ಮೊದಲ ಸಲ. ಅದರಿಂದ ಯಾರಿಗೂ ಏನೂ ಸಿಗಲಿಲ್ಲ.

ಆಗಸ್ಟ್ 17, ಶನಿವಾರ

ಕಾಲುಚೀಲ ಸಿಕ್ಕಿತು. ಅತ್ತೆ ತೊಳೆದು, ಒಣಗಿಸಿ, ಮಡಚಿ, ಹೊಸ್ತಿಲ ಈಚೆ ಇಟ್ಟಿದ್ದರು. ನನ್ನ ಕಡೆಗೆ.

ಈ ಚಾತುರ್ಮಾಸದಲ್ಲಿ ಇನ್ನು ಬಾಗಿಲಲ್ಲಿ ನಿಲ್ಲುವುದಿಲ್ಲವಂತೆ. ತಾವೇ ಹಾಕಿಕೊಂಡ ಪ್ರಾಯಶ್ಚಿತ್ತ. ತಪ್ಪು ನನ್ನದು, ಶಿಕ್ಷೆ ಅವರದು. ನನಗೆ ಅದರಲ್ಲೂ ಪಾಲಿಲ್ಲ.

ಸೆಪ್ಟೆಂಬರ್ 18, ಬುಧವಾರ

ದಶಲಕ್ಷಣ ಪರ್ವ ಮುಗಿದು ಕ್ಷಮೆ ಕೇಳುವ ದಿನ. ಒಂದು ತಿಂಗಳಿಂದ ಬರೆದಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ, ಬಚ್ಚಲ ಬಲ್ಬು ಬಂದದ್ದು ಬಿಟ್ಟರೆ.

ಯಂತ್ರದ ಮೇಲೆ ಹಳೆಯ ಚಾದರ. ಚಾದರದ ಮೇಲೆ ಉಪ್ಪಿನಕಾಯಿ ಭರಣಿ. ಗೌರವಯುತ ನಿವೃತ್ತಿ. ಹಗ್ಗ ಮತ್ತೆ ಅಧಿಕಾರಕ್ಕೆ ಬಂದಿದೆ.

ಅತ್ತೆ ಓಣಿಯ ಮನೆಮನೆಗೂ ನಡೆದು ಕೈ ಮುಗಿದು ಕ್ಷಮೆ ಕೇಳಿ ಬಂದರು. ಸುಮನ್ ಕಾಕುವಿನ ಹತ್ತಿರವೂ. ನನ್ನ ಪಾಲಿನ ಕ್ಷಮೆ ಮಧ್ಯಾಹ್ನ ಕೌಂಟರಿನಲ್ಲಿದ್ದಾಗ ವಾಟ್ಸಾಪ್ ಗ್ರೂಪಿಗೆ ಬಂತು. ಕಮಲದ ಚಿತ್ರ, "ಉತ್ತಮ ಕ್ಷಮಾ, ಸಮಸ್ತ ಪರಿವಾರದಿಂದ". ಇವರು ಕಳಿಸಿದ್ದು, ಮೂವತ್ತೊಂದು ಜನಕ್ಕೆ ಒಟ್ಟಿಗೆ. ನಾನೂ ಕೈ ಮುಗಿದ ಚಿತ್ರ ಒತ್ತಿದೆ. ಬೆರಳು ಬಟನ್‌ಗೆ ತಾಗಿದರೆ ಯಾರಿಗೂ ತಾಗಿದ ಹಾಗಲ್ಲ.

ಸೆಪ್ಟೆಂಬರ್ 30, ಸೋಮವಾರ

ನಿನ್ನೆ ಮಹಾರಾಜರ ಹತ್ತಿರ ಹೋಗಿ ಅತ್ತೆ ಎಲ್ಲ ಹೇಳಿದರಂತೆ. ಪ್ರಾಯಶ್ಚಿತ್ತ ಇಲ್ಲಿಗೆ ಸಾಕು ಎಂದರಂತೆ ಅವರು. ಅವರು ಕೇಳಿದ್ದು ಒಂದೇ ಅಂತೆ, ಸೊಸೆ ಮನೆಯಲ್ಲಿ ಮಾತಾಡುತ್ತಾಳೋ ಎಂದು. ಅತ್ತೆ ಏನು ಹೇಳಿದರೋ ಇವರಿಗೂ ಗೊತ್ತಿಲ್ಲ.

ಇವತ್ತು ಬಸ್ಸಿಳಿದು ಬಂದಾಗ ಅತ್ತೆ ಚೌಕದ ಹೊಸ್ತಿಲಲ್ಲೇ ಕೂತಿದ್ದರು. ನಾನು ನನ್ನ ಕಡೆ, ಅವರು ತಮ್ಮ ಕಡೆ.

"ಬುಧವಾರ ನಿಲ್ಲತೀನಿ. ನಾಳಿ ಬಿಸಲ ಬಿದ್ರ ಮಾಳಿಗಿ ಮ್ಯಾಲ ಒಣಾ ಹಾಕತೀನಿ" ಎಂದರು. ಎದ್ದು ಹೋಗುವಾಗ, ಗೋಡೆಗೆ ಹೇಳಿದ ಹಾಗೆ, "ನಿನಗ ಅವತ್ತ ರಜಾ ಐತೆಲ್ಲ" ಎಂದರು.

ಬುಧವಾರ ಗಾಂಧಿ ಜಯಂತಿ. ಕ್ಯಾಲೆಂಡರ್ ನೋಡಿಯೇ ದಿನ ಗೊತ್ತು ಮಾಡಿದರೋ? ಇರಲಿಕ್ಕಿಲ್ಲ. ಇಷ್ಟರ ಮೇಲೆ ಏನೂ ಅಂದುಕೊಳ್ಳಬಾರದು. ಹೊರಗೆ ಒಣಗಿದೆ ಎಂದು ಹಾಡತೊಡಗಿದ ಯಂತ್ರದ ಗತಿ ನೋಡಿದ್ದೇನೆ.

ಅಕ್ಟೋಬರ್ 1, ಮಂಗಳವಾರ. ಬೆಳಿಗ್ಗೆ 7.25

ಬಿಸಿಲು ಬಿದ್ದಿದೆ. ಸೀರೆ ಮಾಳಿಗೆಯ ಹಗ್ಗದ ಮೇಲೆ. ಅತ್ತೆ ಬಸದಿಗೆ ಹೋದರು, ಹತ್ತರವರೆಗೆ ಬರುವುದಿಲ್ಲ. ಸಂಕೇಶ್ವರದ ಕಡೆ ಕಪ್ಪು ಮೋಡ ಏಳುತ್ತಿದೆ. ನನಗೆ 7.40ರ ಬಸ್ಸು. ನಾನಂತೂ ಆ ಹಗ್ಗದ ಹತ್ತಿರ ಸುಳಿಯುವುದಿಲ್ಲ.

ಕದ್ದು ಓದುತ್ತೀರಿ ಎಂದು ಗೊತ್ತು. ಬಲ್ಬು ಬಂದದ್ದೇ ಸಾಕ್ಷಿ. ಅದಕ್ಕೇ ಇದನ್ನು ಯಂತ್ರದ ಮೇಲೆ, ಭರಣಿಯ ಪಕ್ಕ ತೆರೆದಿಟ್ಟು ಹೋಗುತ್ತಿದ್ದೇನೆ. ಒಂದು ಉಪಕಾರ ಮಾಡಿ. ಹನಿ ಬಿದ್ದರೆ ಅಂಗಡಿಗೆ ಹೋಗುವ ಮೊದಲು ಸೀರೆಯನ್ನು ಒಳಗೆ ತನ್ನಿ. ಕೋಲು ಬಾಗಿಲ ಹಿಂದೆ ಇದೆ. ಕೈ ತಾಗಿಸಬೇಡಿ. ಅವರ ಕೋಣೆಯಲ್ಲಿ ಹಾಕುವ ಮುಂಚೆ ಕೋಲಿನ ಮೇಲೆಯೇ ಒಮ್ಮೆ ಚೆನ್ನಾಗಿ ಝಾಡಿಸಿ. ನಿರಿಗೆ ಬರುವ ಕಡೆ ಮುಖ್ಯವಾಗಿ. ಅಲ್ಲೆಲ್ಲೂ ನನ್ನದು ಏನೂ ಅಂಟಿರಬಾರದು.